ತರಬೇತಿ ಎಲ್ಲರಿಗೂ ಇದೆ, ಅತಿಥಿ ಉಪನ್ಯಾಸಕರಿಗೆ ಸಿಗೋದೇನು?

2020ರ ಕೋವಿಡ್ ಕಾಲದಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಪಾಠ ಮೊಬೈಲಿಗೆ ಬಂತು. ಆನ್‌ಲೈನ್‌ನಲ್ಲಿ ಪಾಠ ಮಾಡೋದನ್ನ ಉಪನ್ಯಾಸಕರೂ ಕಲಿಯಬೇಕಾಯ್ತು.

ಈಗ ತರಬೇತಿಗೇನೂ ಬರವಿಲ್ಲ. ‘ಸ್ವಯಂ’ ಪೋರ್ಟಲ್‌ನಲ್ಲಿ ಕೋರ್ಸ್‌ಗಳಿವೆ; 2023ರಲ್ಲಿ ಯುಜಿಸಿಯ ಮಾಳವೀಯ ಮಿಷನ್ ಆನ್‌ಲೈನ್ ತರಬೇತಿಯೂ ಶುರುವಾಯ್ತು. ಆದ್ರೆ ಲೆಕ್ಕ ಬೇರೆಯೇ ಇದೆ. ಕಾಯಂ ಅಧ್ಯಾಪಕರಿಗೆ ರಿಫ್ರೆಶರ್ ಕೋರ್ಸಿನ ಸರ್ಟಿಫಿಕೇಟ್ ಬಡ್ತಿಗೆ ಬೇಕು. ಅತಿಥಿ ಉಪನ್ಯಾಸಕರಿಗೆ ಬಡ್ತಿಯೇ ಇಲ್ಲ. 2022ರಲ್ಲಿ ರಾಜ್ಯ ಸರ್ಕಾರ ಇವರ ಗೌರವಧನ ಏರಿಸಿದಾಗ ನೋಡಿದ್ದು ಯುಜಿಸಿ ಅರ್ಹತೆ ಮತ್ತು ಸೇವೆಯ ವರ್ಷ. ತರಬೇತಿ ಆ ಲೆಕ್ಕಕ್ಕೇ ಬರಲಿಲ್ಲ.

ಸ್ವಂತ ಡೇಟಾ, ಸ್ವಂತ ಸಮಯ ಹಾಕಿ ಕಲಿತರೂ ಕೈಗೆ ಒಂದು ರೂಪಾಯಿ ಹೆಚ್ಚು ಬರಲ್ಲ ಅಂದ್ರೆ ಯಾರು ಕಲೀತಾರೆ? ತಾಲ್ಲೂಕು ಕಾಲೇಜಿಗೆ ಬರೋದು ಇಲ್ಲಿನ ಅಂಗಡಿಯವರ, ರೈತರ ಮಕ್ಕಳೇ. ತರಬೇತಿಗೂ ಗೌರವಧನದಲ್ಲಿ ಬೆಲೆ ಕಟ್ಟಿದರೆ ಲಾಭ ಆ ಮಕ್ಕಳಿಗೇ.