ನಟ್ಟು ಬಿಗಿ ಮಾಡಿದಷ್ಟೂ ಸೋರಿಕೆ ನಿಲ್ಲುತ್ತದೆಯೇ?

ಗೀಸರ್‌ನ ಕನೆಕ್ಷನ್ ಪೈಪ್ ತೊಟ್ಟಿಕ್ಕಲು ಶುರುವಾದರೆ ಮನೆಯಲ್ಲಿ ಸಿಗುವ ಸಲಹೆ ಎರಡೇ: 'ಇನ್ನೊಂದು ಸುತ್ತು ಟೈಟ್ ಮಾಡು' ಅಥವಾ 'ಟೆಫ್ಲಾನ್ ಟೇಪ್ ಸುತ್ತು'. ಎರಡರ ಹಿಂದೆಯೂ ಇರುವುದು ಒಂದೇ ನಂಬಿಕೆ. ನೀರನ್ನು ತಡೆಯುವುದು ನಟ್ಟಿನ ಥ್ರೆಡ್ ಎಂಬುದು.

ಗೋಡೆಯ ಪೈಪಿಗೆ ನಲ್ಲಿ ತಿರುಗಿಸುವಾಗ ಇದು ಸರಿ. ಅಲ್ಲಿ ಥ್ರೆಡ್‌ಗಳ ನಡುವಿನ ಸಂದನ್ನು ಟೇಪ್ ತುಂಬುತ್ತದೆ. ಆದರೆ ಕನೆಕ್ಷನ್ ಪೈಪಿನ ನಟ್ಟಿನೊಳಗೆ ಇಣುಕಿ ನೋಡಿ, ಒಂದು ರಬ್ಬರ್ ವಾಷರ್ ಕಾಣುತ್ತದೆ. ನೀರನ್ನು ತಡೆಯುವುದು ಅದು. ನಟ್ಟಿನ ಕೆಲಸ ಅದನ್ನು ಒತ್ತುವುದಷ್ಟೇ.

ರಬ್ಬರನ್ನು ಒತ್ತಿದರೆ ಅದರ ಗಾತ್ರ ಕಡಿಮೆಯಾಗುವುದಿಲ್ಲ, ಅದು ಪಕ್ಕಕ್ಕೆ ಹರಡುತ್ತದೆ. ಹಾಗೆ ಹರಡುತ್ತಾ ಲೋಹದ ಮೇಲಿನ ಕಣ್ಣಿಗೆ ಕಾಣದ ಗೀರುಗಳನ್ನೂ ಮುಚ್ಚುತ್ತದೆ. ಜೊತೆಗೆ, ಹಳೆಯ ಆಕಾರಕ್ಕೆ ಮರಳಲು ಸದಾ ತಿರುಗಿ ಒತ್ತುತ್ತಿರುತ್ತದೆ. ಈ ಒತ್ತಡ ನೀರಿನ ಒತ್ತಡಕ್ಕಿಂತ ಹೆಚ್ಚಿದ್ದರೆ ಸೋರಿಕೆ ಇಲ್ಲ. ಬಿಸಿನೀರಿಗೆ ವರ್ಷಗಟ್ಟಲೆ ಬೆಂದು ಗಟ್ಟಿಯಾದ ವಾಷರ್‌ಗೆ ಈ ಶಕ್ತಿ ಉಳಿದಿರುವುದಿಲ್ಲ. ಆಗ ಸ್ಪ್ಯಾನರ್ ಹಾಕಿ ಬಲಪ್ರಯೋಗ ಮಾಡಿದರೆ ಅದು ಸೀಳುತ್ತದೆ, ಅಷ್ಟೇ. ದಪ್ಪಗೆ ಸುತ್ತಿದ ಟೇಪ್ ಇನ್ನೂ ಮೋಸ: ವಾಷರ್ ಸರಿಯಾಗಿ ಕೂರುವ ಮೊದಲೇ ನಟ್ಟು ಬಿಗಿಯಾದಂತೆ ಅನಿಸುತ್ತದೆ. ಹೊಸ ವಾಷರ್ ಹಾಕಿ, ಕೈಯಲ್ಲಿ ತಿರುಗಿಸಿ, ಕೊನೆಗೆ ಸ್ಪ್ಯಾನರ್‌ನಿಂದ ಸ್ವಲ್ಪ ಬಿಗಿ ಮಾಡಿದರೆ ಸಾಕು.

ತಾಮ್ರದ ಪೈಪುಗಳಲ್ಲಿ ರಬ್ಬರ್ ಬದಲು ಹಿತ್ತಾಳೆಯ ಉಂಗುರ ಇರುವ ಫಿಟ್ಟಿಂಗ್‌ಗಳೂ ಇವೆ. ನಟ್ಟು ಒತ್ತಿದಾಗ ಉಂಗುರ ಕುಗ್ಗಿ ಪೈಪನ್ನು ಕಚ್ಚಿಕೊಳ್ಳುತ್ತದೆ. ಅಲ್ಲಿಯೂ ಅತಿಯಾಗಿ ಬಿಗಿದರೆ ಪೈಪೇ ನಜ್ಜುಗುಜ್ಜು.

ರಬ್ಬರ್‌ನ ಈ ಪುಟಿಯುವ ಗುಣ ಎಷ್ಟು ಮುಖ್ಯ ಗೊತ್ತೇ? 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿನಲ್ಲಿ ಛಿದ್ರವಾಗಿ ಏಳು ಮಂದಿ ಸತ್ತರು. ಚಳಿಗೆ ಬಿರುಸಾಗಿದ್ದ ರಾಕೆಟ್‌ನ ರಬ್ಬರ್ ರಿಂಗ್ ಜಾಯಿಂಟಿನ ಸಂದನ್ನು ಮುಚ್ಚಲಿಲ್ಲ. ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಂಡನ್ನು ಕ್ಲ್ಯಾಂಪ್‌ನಲ್ಲಿ ಒತ್ತಿ, ಐಸ್ ನೀರಿಗೆ ಅದ್ದಿ ತೆಗೆದು, ಅದು ಬೇಗ ಪುಟಿಯುವುದಿಲ್ಲ ಎಂದು ತೋರಿಸಿದರು.

ನಿಮ್ಮ ಗ್ಯಾಸ್ ಸಿಲಿಂಡರಿನ ವಾಲ್ವ್ ಒಳಗೂ ಇಂಥದ್ದೇ ಪುಟ್ಟ ರಿಂಗ್ ಇದೆ. ಅಲ್ಲಿ ಬಿಗಿ ಮಾಡಲು ನಟ್ಟೂ ಇಲ್ಲ, ಟೇಪಿಗೂ ಕೆಲಸವಿಲ್ಲ. ಸಿಲಿಂಡರ್ ತಂದವರಿಂದಲೇ ರಿಂಗ್ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಿ. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ ತೆಗೆದು, ಸೇಫ್ಟಿ ಕ್ಯಾಪ್ ಹಾಕಿ, ಕಿಟಕಿ ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಕರೆ ಮಾಡಿ.