ಕೇಳುವುದೆಂದರೆ ತಲೆದೂಗುವುದಲ್ಲ

ಹೀಬ್ರೂ ಪ್ರವಾದಿಗಳೆಂದೊಡನೆ ನಮ್ಮ ಸುಶಿಕ್ಷಿತರು ಅವರನ್ನು ಕಾಲಜ್ಞಾನಿಗಳ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಪರದೇಶದ ಆ ಕಣಿ ನಮಗೇಕೆಂಬುದು ಅವರ ವಾದ. ಆದರೆ ಕ್ರಿಸ್ತಪೂರ್ವ 8ನೆಯ ಶತಮಾನದ ಆಮೋಸನು ಕಣಿ ಹೇಳುವವನಲ್ಲ. ತೆಕೋವದಲ್ಲಿ ಕುರಿ ಮೇಯಿಸುತ್ತ, ಅತ್ತಿಯ ಜಾತಿಯ ಮರಗಳನ್ನು ನೋಡಿಕೊಳ್ಳುತ್ತಿದ್ದವನು. ಬೇತೇಲಿನ ಪುರೋಹಿತ ಅಮಚ್ಯನು ಊರು ಬಿಡೆಂದು ಗದರಿಸಿದಾಗ, ತಾನು ಕಸುಬಿನ ಪ್ರವಾದಿಯಲ್ಲ, ಕರೆ ಕೇಳಿ ಬಂದವನು ಎಂದನು.

ಅವನ ನುಡಿಯಲ್ಲಿ 'ಶೆಮಾ' ಎಂದರೆ ಕೇಳು; ಕೇಳಿದಂತೆ ನಡೆ ಎಂದೂ ಅರ್ಥ. ಇದನ್ನರಿಯಲು ಕನ್ನಡಿಗನಿಗೆ ನಿಘಂಟು ಬೇಡ. ಹುಡುಗ ಮಾತು ಕೇಳುವುದಿಲ್ಲವೆಂದು ತಾಯಿ ದೂರಿದರೆ ಅವನು ಕಿವುಡನೆಂದಲ್ಲವಷ್ಟೆ! 'ಸಾಕ್ಷಿ'ಯಲ್ಲಿ ಅಕ್ಷಿ, ಅಂದರೆ ಕಣ್ಣು, ಇದೆ. ಕೇಳಿ, ಕಂಡು, ಕಂಡದ್ದಕ್ಕೆ ನಷ್ಟವಾದರೂ ನಿಲ್ಲುವುದು: ಪ್ರವಾದಿಯ ಕೆಲಸ ಇದು.

ಇದು ನಮ್ಮ ಸೀಮೆಗೆ ಹೊಸದಲ್ಲ. 1930ರ ದಶಕದ ಕರನಿರಾಕರಣೆಯಲ್ಲಿ ಸಿದ್ದಾಪುರದ ರೈತರು ಜಮೀನು ಕಳೆದುಕೊಂಡೂ ನಿಂತರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಕಾಡಿಗೆ ನಡೆದು, ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ಅದೇ ಅಪ್ಪಿಕೋ ಚಳವಳಿ. ಇಂದು ನಾವು ಅದಕ್ಕೆ ಮಾಡುವುದೇನು? ಭಾಷಣ, ಹಾರ, ಚಪ್ಪಾಳೆ. ನ್ಯಾಯವಿಲ್ಲದ ಕಡೆ ಉತ್ಸವವನ್ನೂ ಹಾಡನ್ನೂ ದೇವರು ಒಲ್ಲನೆಂದವನು ಇದೇ ಆಮೋಸ.

ಅವನು ಮೊದಲು ದಮಸ್ಕ, ಗಾಜಾಗಳಂಥ ನೆರೆಯವರ ಪಾಪಗಳನ್ನು ಎಣಿಸಿದನು. ಕೇಳುಗರಿಗೆ ಹಿತವಾಗಿದ್ದಿರಬೇಕು. ಬಳಿಕ ಇಸ್ರಾಯೇಲಿನ ಕಡೆಗೇ ಬೆರಳು ತಿರುಗಿತು. ಬಡವನನ್ನು ಒಂದು ಜೊತೆ ಕೆರಕ್ಕೆ ಮಾರುವವರು ಯಾರೆಂದು ಕೇಳಿತು. ಗುತ್ತಿಗೆದಾರ, ಕಾರ್ಖಾನೆ, ಬೆಂಗಳೂರಿನ ಸರಕಾರ ಇವರನ್ನು ಬೈಯುವ ಸಭೆಯಲ್ಲಿ ನಾವೂ ಹೀಗೆಯೇ ತಲೆದೂಗುತ್ತೇವೆ. ಆದರೆ ನಮ್ಮ ಅಡಿಕೆ ತೋಟಗಳಿಗಾಗಿ ಬೋಳಾದ ಸೊಪ್ಪಿನ ಬೆಟ್ಟಗಳ ಲೆಕ್ಕ ಕೊಡುವವರು ಯಾರು? ಯಲ್ಲಾಪುರದ ಕಾಡಂಚಿನ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದಕ್ಕೆ ಮುಂಚೆ, ತಲೆಮಾರುಗಳ ಕಾಲ ಅವರ ದುಡಿಮೆ ನಮ್ಮ ಕಣ್ಣಿಗೆ ಬೀಳಲಿಲ್ಲವೆ?

ಕೊಳೆರೋಗ, ಬೆಲೆ ಕುಸಿತಗಳ ನಡುವೆ ತೋಟಿಗನಿಗೇ ಏಕೆ ಈ ಉಪದೇಶವೆಂದು ಕೆಲವರು ಸಿಟ್ಟಾಗಬಹುದು. ಅವರ ಕಷ್ಟ ಸುಳ್ಳಲ್ಲ. ಆದರೆ ಸ್ವಂತ ಕಷ್ಟದ ನೆಪದಲ್ಲಿ ನೆರೆಯವನ ಕಷ್ಟಕ್ಕೆ ಕಿವಿ ಮುಚ್ಚಿಕೊಳ್ಳಲು ಆಮೋಸನ ಮಾತು ಎಡೆಗೊಡುವುದಿಲ್ಲ.

ಬೇಡ್ತಿಯ ನೀರನ್ನು ವರದೆಗೆ ಒಯ್ಯುವ ಯೋಜನೆಗೆ ವಿರೋಧವಾಗಿ ನಮ್ಮಲ್ಲಿ ಸಭೆಗಳು ಸೇರಿವೆ, ಸೇರಲೇಬೇಕು. ಆದರೆ ಮುಂದಿನ ಸಭೆಯ ಮೊದಲ ಠರಾವು ನಮ್ಮ ಬೆಟ್ಟದ ಸೊಪ್ಪಿನ ಮಿತಿಯ ಬಗ್ಗೆ, ನಮ್ಮ ತೋಟದ ಕೂಲಿಯ ಬಗ್ಗೆ ಇರಲಿ. ಆ ಮೇಲೆ ಸರಕಾರಕ್ಕೆ ಹೇಳುವ ಮಾತಿಗೆ ತೂಕ ಬಂದೀತು.