ಸ್ಫೋಟಕ್ಕೆ ಮುನ್ನ ಆಡಬೇಕಾದ ಮಾತು

ಕನ್ನಂಬಾಡಿ ಕಟ್ಟೆಯ ವಿಷಯದಲ್ಲಿ ರೈತರೂ ವಿಜ್ಞಾನಿಗಳೂ ಎದುರುಬದುರಾಗಿ ನಿಂತದ್ದು ವಿಷಾದದ ಸಂಗತಿ. ಇಬ್ಬರಿಗೂ ಬೇಕಾದದ್ದು ಕಟ್ಟೆಯ ಕ್ಷೇಮವೇ.

2018ರ ಸೆಪ್ಟೆಂಬರ್ 25ರಂದು ಭಾರೀ ಶಬ್ದ ಕೇಳಿಬಂದಾಗ, ಕಂಪನದ ದಾಖಲೆ ಪರಿಶೀಲಿಸಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ಕಲ್ಲುಗಣಿಗಳತ್ತ ಬೆರಳು ತೋರಿತು. 2021ರಲ್ಲಿ ಕಟ್ಟೆ ಬಿರುಕು ಬಿಟ್ಟಿದೆಯೆಂಬ ಮಾತೆದ್ದಿತು, ಅಧಿಕಾರಿಗಳು ಅಲ್ಲಗಳೆದರು. 2022ರಲ್ಲಿ ಜಾರ್ಖಂಡಿನ ತಜ್ಞರು ಪ್ರಾಯೋಗಿಕ ಸ್ಫೋಟಕ್ಕೆ ಬಂದಾಗ ರೈತರು ಅಡ್ಡ ನಿಂತರು. 2024ರ ಜನವರಿಯಲ್ಲಿ ಹೈಕೋರ್ಟು, ಅಧ್ಯಯನ ಮುಗಿಯುವವರೆಗೆ ಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಷೇಧಿಸಿತು. ಅದೇ ಜುಲೈನಲ್ಲಿ ಮತ್ತೆ ಪ್ರಾಯೋಗಿಕ ಸ್ಫೋಟದ ಸುದ್ದಿ, ಮತ್ತೆ ಪ್ರತಿಭಟನೆ.

ಇದನ್ನು ಅರಿಯದವರ ಭಯವೆಂದು ತಳ್ಳಿಹಾಕುವುದು ತಪ್ಪು. ಪ್ರಾಯೋಗಿಕ ಸ್ಫೋಟದಿಂದ ತಿಳಿಯುವುದು ಇಷ್ಟೇ: ಇಂತಿಷ್ಟು ಮದ್ದನ್ನು ಇಂಥ ಕಡೆ ಸಿಡಿಸಿದರೆ, ಇಂತಿಷ್ಟು ದೂರದಲ್ಲಿ ನೆಲ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗುತ್ತದೆ ಎಂಬುದು. ಸುರ್ಕಿ ಗಾರೆಯಿಂದ ಕಟ್ಟಿ 1932ರಲ್ಲಿ ಮುಗಿಸಿದ ಕಟ್ಟೆ, ವರ್ಷಗಟ್ಟಲೆ ನಡೆದ ಸ್ಫೋಟಗಳಿಂದ ಏನಾಗಿದೆಯೆಂಬುದನ್ನು ಒಂದು ದಿನದ ಅಳತೆ ಹೇಳದು. ಪರೀಕ್ಷೆಯ ದಿನ ಅಳೆದು ತುಂಬಿದ ಮದ್ದನ್ನೇ ನಾಳೆಯೂ ತುಂಬುತ್ತಾರೆಂದು ಯಾರು ಖಾತರಿ ಕೊಡುತ್ತಾರೆ? ರೈತರ ಈ ಪ್ರಶ್ನೆ ವೈಜ್ಞಾನಿಕವಾದದ್ದೇ. ಅದಕ್ಕೆ ಉತ್ತರವನ್ನು ಮೊದಲೇ, ಕನ್ನಡದಲ್ಲಿ, ಊರಿನ ಜಗಲಿಯ ಮೇಲೆ ಕುಳಿತು ಹೇಳಬೇಕಿತ್ತು. ಯಂತ್ರ ಇಳಿಸಿದ ಮೇಲಲ್ಲ.

ನಮ್ಮವರ ತಪ್ಪನ್ನೂ ಮುಚ್ಚಿಡಲಾರೆ. "ಕಟ್ಟೆ ನಾಳೆಯೇ ಒಡೆಯುತ್ತದೆ" ಎಂಬ ಮಾತು ಕೆಳಗಿನ ಶ್ರೀರಂಗಪಟ್ಟಣದವರ ನಿದ್ದೆಗೆಡಿಸುತ್ತದೆ. ನಾಳೆ ಒಡೆಯದಿದ್ದರೆ, ಮುಂದಿನ ನಿಜವಾದ ಎಚ್ಚರಿಕೆಯನ್ನೂ ಯಾರೂ ನಂಬುವುದಿಲ್ಲ. ಕಿಟಕಿ ಗಡಗಡಿಸಿತೆಂದ ಮಾತ್ರಕ್ಕೆ ನೆಲ ಅಷ್ಟೇ ಕಂಪಿಸಿತೆಂದಲ್ಲ. ಬಹಳ ಸಲ ಅದು ಗಾಳಿಯಲ್ಲಿ ಬಂದ ಒತ್ತಡದ ಅಲೆ. ಇದನ್ನು ಹೇಳಿದ ನನ್ನನ್ನು ಕ್ವಾರಿಯವರ ಕಡೆಯವನೆಂದವರೂ ಉಂಟು! ಕಟ್ಟೆಯ ಬಳಿ ಸ್ಫೋಟ ಬೇಡವೆನ್ನುವುದಕ್ಕೆ ಉತ್ಪ್ರೇಕ್ಷೆ ಬೇಕಿಲ್ಲ. ಕಟ್ಟೆ ಹಳೆಯದು, ಅದಕ್ಕೆ ಬದಲಿ ಇಲ್ಲ, ಕಲ್ಲು ಬೇರೆಡೆ ಸಿಕ್ಕೀತು. ಇಷ್ಟು ಸಾಲದೆ?

ಅಳೆಯುವುದಾದರೆ ರೈತರು ಆರಿಸಿದ ಇಬ್ಬರು ಯಂತ್ರದ ಪಕ್ಕದಲ್ಲಿರಲಿ. ಅಂಕಿಗಳನ್ನು, ಅವು ಯಾರಿಗೆ ಪ್ರತಿಕೂಲವಾದರೂ, ಅಂದೇ ಪಂಚಾಯಿತಿ ಗೋಡೆಗೆ ಅಂಟಿಸಲಿ. ನಾಗಮಂಗಲ, ಕೃಷ್ಣರಾಜಪೇಟೆಗಳಲ್ಲಿ ನಿಷೇಧದ ವ್ಯಾಪ್ತಿಯ ಹೊರಗಿರುವ ಬೆಟ್ಟದೂರುಗಳ ವಿದ್ಯಾರ್ಥಿಗಳು ಇಂದಿನಿಂದಲೇ ಒಂದು ನೋಟ್‌ಬುಕ್ ಇಡಲಿ: ಸ್ಫೋಟದ ದಿನಾಂಕ, ಹೊತ್ತು, ದಿಕ್ಕು, ಗೋಡೆಯ ಬಿರುಕಿನ ಉದ್ದ. ಕೇಳಿದ್ದನ್ನು ಬರೆಯಬೇಡಿ, ಕಂಡದ್ದನ್ನು ಬರೆಯಿರಿ.